ಕಡಲ ಕಾಡಿಗೆ ಕಾವಲಿಟ್ಟ ಮೇಯರ್ ಜೂಲಿಯಾ ಪ್ಲಾಟ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮಾಂಟೆರೆ ಕೊಲ್ಲಿಯ ದಕ್ಷಿಣ ತುದಿಯಲ್ಲಿ ಪೆಸಿಫಿಕ್ ಗ್ರೋವ್ ಎಂಬ ಪುಟ್ಟ ಪಟ್ಟಣವಿದೆ. 1930ರ ದಶಕದ ಆರಂಭದಲ್ಲಿ ಒಂದು ದಿನ, ಅಲ್ಲಿನ ಲವರ್ಸ್ ಪಾಯಿಂಟ್ ಕಡಲತೀರಕ್ಕೆ ಇಳಿಯುವ ದಾರಿಯ ಗೇಟಿನ ಮುಂದೆ ಎಪ್ಪತ್ತು ದಾಟಿದ ವೃದ್ಧೆಯೊಬ್ಬರು ಕೊಡಲಿ ಹಿಡಿದು ನಿಂತರು. ತೀರದಲ್ಲಿ ಸ್ನಾನಗೃಹ ನಡೆಸುತ್ತಿದ್ದವರು ಆ ಗೇಟಿಗೆ ಬೀಗ ಜಡಿದಿದ್ದರು. ಆ ಬೀಗವನ್ನು ಈ ವೃದ್ಧೆ ಮೊದಲೇ ಕತ್ತರಿಸಿ ಎಸೆದಿದ್ದರು. ಬೀಗ ಹೋದ ಮೇಲೆ ಗೇಟಿಗೆ ಮೊಳೆ ಹೊಡೆಯಲಾಯಿತು. ಈ ಬಾರಿ ಕೊಡಲಿಯ ಏಟಿಗೆ ಗೇಟೇ ಸೀಳಿಹೋಯಿತು. ಪಟ್ಟಣದ ಸ್ಥಾಪನೆಯ ಕಾಲದ ದಾಖಲೆಗಳಲ್ಲಿ ಈ ತೀರಕ್ಕೆ ಸಾರ್ವಜನಿಕರು ಇಳಿಯುವ ಹಕ್ಕು ಸ್ಪಷ್ಟವಾಗಿ ಉಳಿದಿದೆ ಎಂಬುದು ಅವರ ವಾದವಾಗಿತ್ತು. ಅಲ್ಲಿ ಒಂದು ಫಲಕವನ್ನೂ ಹಾಕಿ ಅದಕ್ಕೆ ತಮ್ಮ ಹೆಸರನ್ನೇ ಬರೆದರು. ಊರಿನ ಕೌನ್ಸಿಲ್ ಸದಸ್ಯರೂ ಪೊಲೀಸರೂ ಗಂಡಸರಾದ್ದರಿಂದ ಬಹುಶಃ ಸ್ವಲ್ಪ ಅಂಜುತ್ತಿದ್ದಾರೆ, ಆದಕಾರಣ ಈ ಕೆಲಸವನ್ನು ತಾವೇ ಮಾಡಬೇಕಾಯಿತು ಎಂಬ ಅರ್ಥದ ಒಕ್ಕಣೆ ಅದರಲ್ಲಿತ್ತು.

ಆ ವೃದ್ಧೆಯ ಹೆಸರು ಡಾ. ಜೂಲಿಯಾ ಬಾರ್ಲೋ ಪ್ಲಾಟ್. 1931ರಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನ ಹೊಸ್ತಿಲಲ್ಲಿ, ಅವರು ಅದೇ ಪಟ್ಟಣದ ಮೊದಲ ಮಹಿಳಾ ಮೇಯರ್ ಆಗಿ ಆಯ್ಕೆಯಾದರು. ಗೇಟು ಒಡೆದ ಪ್ರಸಂಗವನ್ನು ಊರಿನವರು ಇಂದಿಗೂ ನೆನೆಯುತ್ತಾರೆ. ಆದರೆ ಜೂಲಿಯಾ ಅವರ ನಿಜವಾದ ಸಾಧನೆ ಅದಲ್ಲ. ಸಾರ್ವಜನಿಕರಿಗಾಗಿ ಕಡಲತೀರದ ಬಾಗಿಲನ್ನು ತೆರೆಸಿದ ಅದೇ ಕೈ, ತೀರದ ನೀರಿನೊಳಗಿನ ಎರಡು ಸಣ್ಣ ತುಣುಕುಗಳಿಗೆ ಕಾನೂನಿನ ಬಾಗಿಲನ್ನು ಹಾಕಿಸಿತು. ಅದರ ಫಲ ಕಾಣಿಸಿಕೊಂಡಿದ್ದು ಅವರು ತೀರಿಕೊಂಡು ಸುಮಾರು ಮೂರು ದಶಕಗಳ ಬಳಿಕ.

ವಿಜ್ಞಾನದ ಅಂಗಳದಲ್ಲಿ

ಜೂಲಿಯಾ ಜನಿಸಿದ್ದು 1857ರ ಸೆಪ್ಟೆಂಬರ್ 14ರಂದು, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಬೆಳೆದದ್ದು ಅಮೆರಿಕದ ಇನ್ನೊಂದು ಅಂಚಿನಲ್ಲಿರುವ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ವರ್ಮಾಂಟ್ ವಿಶ್ವವಿದ್ಯಾನಿಲಯದಿಂದ 1882ರಲ್ಲಿ ಪದವಿ ಪಡೆದ ಅವರು, 1887ರಲ್ಲಿ ಹಾರ್ವರ್ಡ್‌ನ ತೌಲನಿಕ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಸಂಶೋಧನೆಗೆ ತೊಡಗಿದರು. ಹಾರ್ವರ್ಡ್ ಆ ದಿನಗಳಲ್ಲಿ ಮಹಿಳೆಯರಿಗೆ ಪದವಿ ನೀಡುತ್ತಿರಲಿಲ್ಲ. ಹೀಗಾಗಿ ಕಲಿಯಬೇಕೆಂಬ ಹಂಬಲದ ಹೆಣ್ಣುಮಗಳು ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಅಲೆಯುವುದು ಅನಿವಾರ್ಯವಾಗಿತ್ತು. ಜೂಲಿಯಾ ಕೂಡ ವುಡ್ಸ್ ಹೋಲ್, ಕ್ಲಾರ್ಕ್ ವಿಶ್ವವಿದ್ಯಾನಿಲಯ, ಷಿಕಾಗೊ, ಜರ್ಮನಿಯ ಫ್ರೈಬರ್ಗ್ ಮತ್ತು ಮ್ಯೂನಿಕ್, ಇಟಲಿಯ ನೇಪಲ್ಸ್‌ನ ಪ್ರಸಿದ್ಧ ಕಡಲಜೀವಿ ಸಂಶೋಧನಾ ಕೇಂದ್ರ ಎಂದು ಹತ್ತು ವರ್ಷಗಳಿಗೂ ಮಿಕ್ಕಿ ಅಲೆದರು. ಕೊನೆಗೆ 1898ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ನೀಡಿತು. ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಆ ಗೌರವ ಪಡೆದ ಮೊದಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ.

ಅವರ ಸಂಶೋಧನೆಯ ವಿಷಯ ಭ್ರೂಣಶಾಸ್ತ್ರ. ಬೆಳೆಯುವ ಭ್ರೂಣದಲ್ಲಿ ಆರಂಭದಲ್ಲೇ ಮೂರು ಪದರಗಳು ರೂಪುಗೊಳ್ಳುತ್ತವೆ. ಹೊರಪದರದಿಂದ ಚರ್ಮ ಮತ್ತು ನರಮಂಡಲ, ನಡುಪದರದಿಂದ ಮೂಳೆ, ಮೃದ್ವಸ್ಥಿ ಮತ್ತು ಸ್ನಾಯು, ಒಳಪದರದಿಂದ ಜೀರ್ಣಾಂಗಗಳು ಮೂಡುತ್ತವೆ ಎಂಬುದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಿಗೆ ಪ್ರಶ್ನಾತೀತ ನಿಯಮವಾಗಿತ್ತು. ಮಡ್‌ಪಪ್ಪಿ ಎಂಬ ಸಲಮಾಂಡರ್ ಜಾತಿಯ ಜೀವಿಯ ಭ್ರೂಣಗಳನ್ನು ಸೂಕ್ಷ್ಮದರ್ಶಕದಡಿ ವರ್ಷಗಟ್ಟಲೆ ಅಭ್ಯಸಿಸಿದ ಜೂಲಿಯಾ, ತಲೆಯ ಭಾಗದ ಮೃದ್ವಸ್ಥಿಯು ನಡುಪದರದಿಂದಲ್ಲ, ಹೊರಪದರದಿಂದ ಹುಟ್ಟುತ್ತದೆ ಎಂದು 1893ರಲ್ಲಿ ಪ್ರಕಟಿಸಿದರು. ಅಂದಿನ ಘಟಾನುಘಟಿಗಳಿಗೆ ಇದು ಅಪಚಾರದಂತೆ ಕಂಡಿತು. ತೀವ್ರ ಟೀಕೆಗಳು ಬಂದವು. ಅವರ ಮಾತು ಸರಿ ಎಂಬುದು ನಿಸ್ಸಂದಿಗ್ಧವಾಗಿ ಸ್ಥಾಪಿತವಾಗಲು ಸುಮಾರು ಅರ್ಧ ಶತಮಾನ ಹಿಡಿಯಿತು. ನರಶಿಖರ ಎಂದು ಕರೆಯಲಾಗುವ ಆ ಜೀವಕೋಶಗಳ ಅಧ್ಯಯನ ಇಂದು ಜೀವವಿಜ್ಞಾನದ ಮುಖ್ಯ ಶಾಖೆಗಳಲ್ಲಿ ಒಂದು. ಮುಖದ ರಚನೆಯಲ್ಲಿ ಹುಟ್ಟಿನಿಂದ ಬರುವ ಹಲವು ದೋಷಗಳ ಮೂಲವನ್ನು ಅರಿಯುವುದು ಸಾಧ್ಯವಾಗಿರುವುದೂ ಅದರಿಂದಲೇ.

ಆದರೆ ಡಾಕ್ಟರೇಟ್ ಕೈಗೆ ಬಂದರೂ ಉದ್ಯೋಗ ಕೈಗೆ ಬರಲಿಲ್ಲ. 1899ರಲ್ಲಿ ಜೂಲಿಯಾ ಕ್ಯಾಲಿಫೋರ್ನಿಯಾಗೆ ಬಂದು ಪೆಸಿಫಿಕ್ ಗ್ರೋವ್‌ನಲ್ಲಿ ನೆಲೆಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ 1892ರಲ್ಲೇ ಅಲ್ಲಿ ಹಾಪ್‌ಕಿನ್ಸ್ ಹೆಸರಿನ ಕಡಲಜೀವಿ ಪ್ರಯೋಗಾಲಯವನ್ನು ತೆರೆದಿತ್ತು. ಸ್ಟ್ಯಾನ್‌ಫರ್ಡ್‌ನ ಅಧ್ಯಕ್ಷರಾಗಿದ್ದ ಡೇವಿಡ್ ಸ್ಟಾರ್ ಜೋರ್ಡನ್ ಸ್ವತಃ ಮೀನುಗಳ ತಜ್ಞರು. ಅವರಿಗೆ ಜೂಲಿಯಾ ಪತ್ರ ಬರೆದು, ಕೆಲಸವಿಲ್ಲದ ಬದುಕು ಬದುಕಲ್ಲವೆಂದೂ, ಬಯಸಿದ ಕೆಲಸ ದೊರೆಯದಿದ್ದರೆ ಅದರ ನಂತರದ್ದನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆಂದೂ ತಿಳಿಸಿದರು. ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ನಲವತ್ತೆರಡನೆಯ ವಯಸ್ಸಿಗೆ ಅವರ ವೈಜ್ಞಾನಿಕ ಬದುಕು ಮುಗಿದಂತಾಯಿತು. ಅದರ ನಂತರದ ಕೆಲಸವೆಂದರೆ ಊರಿನ ಕೆಲಸ ಎಂದು ಅವರು ನಿರ್ಧರಿಸಿದರು.

ಬರಿದಾದ ಕೊಲ್ಲಿ

ಜೂಲಿಯಾ ಬಂದು ನೆಲೆಸಿದ ಊರಿನ ಮುಂದಿನ ಕಡಲು ಆ ವೇಳೆಗಾಗಲೇ ಒಂದು ಶತಮಾನದ ಲೂಟಿಯನ್ನು ಕಂಡಿತ್ತು. ಅದನ್ನು ಅರಿಯಬೇಕಾದರೆ ಕೆಲ್ಪ್ ಕಾಡುಗಳ ಬಗ್ಗೆ ತುಸು ತಿಳಿಯುವುದು ಅಗತ್ಯ.

ಬೆಚ್ಚನೆಯ ಕಡಲುಗಳಲ್ಲಿ ಹವಳದ ದಿಬ್ಬಗಳು ಹೇಗೆ ಅಸಂಖ್ಯ ಜೀವಿಗಳಿಗೆ ಮನೆಯೋ, ಸಮಶೀತೋಷ್ಣ ವಲಯದ ತಣ್ಣನೆಯ ಕಡಲುಗಳಲ್ಲಿ ಬಂಡೆಗಳ ಮೇಲೆ ಬೆಳೆಯುವ ಕೆಲ್ಪ್ ಕಾಡುಗಳು ಹಾಗೆ. ಕರ್ನಾಟಕದ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ಇವು ಬೆಳೆಯುವುದಿಲ್ಲ. ಕೆಲ್ಪ್ ಎಂಬುದು ಗಿಡವಲ್ಲ, ಕಂದು ಬಣ್ಣದ ದೈತ್ಯ ಕಡಲಪಾಚಿ. ಅದಕ್ಕೆ ನೀರು ಹೀರುವ ಬೇರಿಲ್ಲ. ಬೇರಿನಂತೆಯೇ ಕಾಣುವ ಗಂಟುಗಂಟಾದ ಹಿಡಿಕೆಯಿಂದ ಅದು ಬಂಡೆಯನ್ನು ತಬ್ಬಿ ನಿಲ್ಲುತ್ತದೆ. ಎಲೆಯಂತಹ ಪ್ರತಿ ಅಲಗಿನ ಬುಡದಲ್ಲಿರುವ ಗಾಳಿಗುಳ್ಳೆಗಳು ಅದನ್ನು ಬೆಳಕಿನತ್ತ ಎತ್ತಿ ಹಿಡಿಯುತ್ತವೆ. ಅನುಕೂಲಕರ ಪರಿಸ್ಥಿತಿಯಲ್ಲಿ ದಿನಕ್ಕೆ ಅರ್ಧ ಮೀಟರಿಗೂ ಹೆಚ್ಚು ಬೆಳೆಯಬಲ್ಲ ದೈತ್ಯ ಕೆಲ್ಪ್, ಮೂವತ್ತು ಮೀಟರ್ ಆಳದ ತಳದಿಂದ ನೀರಿನ ಮೇಲ್ಮೈವರೆಗೆ ಬಂದು ಅಲ್ಲಿ ಚಪ್ಪರದಂತೆ ಹರಡಿಕೊಳ್ಳುತ್ತದೆ. ಮೀನಿನ ಮರಿಗಳಿಗೆ, ಏಡಿಗಳಿಗೆ, ಬಸವನಹುಳುವಿನ ಜಾತಿಯ ಚಿಪ್ಪುಜೀವಿಗಳಿಗೆ ಆ ಚಪ್ಪರದ ಅಡಿಯೇ ಆಸರೆ.

ಈ ಕಾಡಿನ ಬಹುದೊಡ್ಡ ಶತ್ರು ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂತಹ ಪುಟ್ಟ ಪ್ರಾಣಿ. ಅದು ಕೆಲ್ಪ್‌ನ ಬುಡವನ್ನೇ ಮೇಯುತ್ತದೆ. ಬುಡ ಕಡಿದ ಕೆಲ್ಪ್ ಅಲೆಯ ಪಾಲಾಗುತ್ತದೆ. ಅರ್ಚಿನ್‌ಗಳನ್ನು ತಿಂದು ಹದ್ದುಬಸ್ತಿನಲ್ಲಿಡುವ ಪ್ರಾಣಿ ಕಡಲ ನೀರುನಾಯಿ. ತಣ್ಣನೆಯ ನೀರಿನಲ್ಲಿ ಮೈ ಬಿಸಿಯಾಗಿಟ್ಟುಕೊಳ್ಳಲು ಅದು ದಿನವೊಂದಕ್ಕೆ ತನ್ನ ತೂಕದ ಕಾಲು ಭಾಗದಷ್ಟು ಆಹಾರವನ್ನು ತಿನ್ನಲೇಬೇಕು. ನೀರುನಾಯಿ ಇದ್ದಲ್ಲಿ ಅರ್ಚಿನ್‌ಗಳು ಬಂಡೆಯ ಬಿರುಕುಗಳಲ್ಲಿ ಅಡಗಿ, ತೇಲಿ ಬಂದ ತುಣುಕುಗಳನ್ನು ತಿಂದು ಬದುಕುತ್ತವೆ. ನೀರುನಾಯಿ ಇಲ್ಲದಲ್ಲಿ ಅವು ಹೊರಗೆ ಬಂದು ಕಾಡನ್ನೇ ಮೇಯುತ್ತವೆ.

ದುರದೃಷ್ಟವೆಂದರೆ ನೀರುನಾಯಿಯ ತುಪ್ಪಳವೇ ಅದಕ್ಕೆ ಮುಳುವಾಯಿತು. 1786ರಲ್ಲಿ ಫ್ರೆಂಚ್ ನಾವಿಕ ಲಾ ಪೆರೂಸ್ ಮಾಂಟೆರೆಗೆ ಬಂದಾಗ ಅಲ್ಲಿ ಈ ಪ್ರಾಣಿಗಳು ಹೇರಳವಾಗಿದ್ದವು. ಚೀನಾದ ಮಾರುಕಟ್ಟೆಯಲ್ಲಿ ಆ ತುಪ್ಪಳಕ್ಕಿದ್ದ ಬೆಲೆಯ ಆಸೆಗೆ ಸ್ಪೇನ್, ರಷ್ಯಾ, ಅಮೆರಿಕಗಳ ವ್ಯಾಪಾರಿಗಳು ಮುಗಿಬಿದ್ದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮಾಂಟೆರೆ ಕೊಲ್ಲಿಯಲ್ಲಿ ನೀರುನಾಯಿ ಇಲ್ಲವೆಂಬಂತಾಗಿತ್ತು. 1911ರ ಅಂತರರಾಷ್ಟ್ರೀಯ ಒಪ್ಪಂದವು ಬೇಟೆಯನ್ನು ನಿಷೇಧಿಸುವ ವೇಳೆಗೆ ಕ್ಯಾಲಿಫೋರ್ನಿಯಾದ ಸಂತತಿ ನಶಿಸಿಯೇ ಹೋಯಿತೆಂದು ಬಹುತೇಕರು ನಂಬಿದ್ದರು. ಅದರ ಬೆನ್ನಿಗೆ ತಿಮಿಂಗಿಲಗಳ ಬೇಟೆ, ಅಬಲೋನಿ ಎಂಬ ಬೆಲೆಬಾಳುವ ಚಿಪ್ಪುಜೀವಿಯ ಸಂಗ್ರಹ ನಡೆದವು. ಒಂದು ಮುಗಿದರೆ ಇನ್ನೊಂದು ಎಂಬಂತೆ ಕೊಲ್ಲಿ ಬರಿದಾಗುತ್ತ ಬಂದಿತು.

ಇಪ್ಪತ್ತನೆಯ ಶತಮಾನದ ಸರದಿ ಸಾರ್ಡಿನ್ ಮೀನಿನದು. ಕರ್ನಾಟಕದ ಕರಾವಳಿಯವರು ಬೂತಾಯಿ ಎಂದು ಕರೆಯುವ ಮೀನಿನ ಸಮೀಪದ ಬಂಧು ಇದು. ಪೆಸಿಫಿಕ್ ಗ್ರೋವ್‌ಗೆ ತಾಗಿಕೊಂಡಂತಿರುವ ಮಾಂಟೆರೆಯ ದಂಡೆಯಲ್ಲಿ ಸಾರ್ಡಿನ್ ಡಬ್ಬಿ ತುಂಬುವ ಕಾರ್ಖಾನೆಗಳು ಸಾಲಾಗಿ ಎದ್ದವು. ಸಾಹಿತಿ ಜಾನ್ ಸ್ಟೈನ್‌ಬೆಕ್ 1945ರಲ್ಲಿ ತಮ್ಮ ಕಾದಂಬರಿಗೆ ಹೆಸರಾಗಿಸಿದ ಕ್ಯಾನರಿ ರೋ ಇದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ಆಹಾರಕ್ಕಾಗಿ ಬೆಳೆದ ಈ ಉದ್ಯಮ, ಬರಬರುತ್ತಾ ಹಿಡಿದ ಮೀನಿನಲ್ಲಿ ದೊಡ್ಡ ಪಾಲನ್ನು ಅರೆದು ಗೊಬ್ಬರ ಮತ್ತು ಕೋಳಿ ಆಹಾರವಾಗಿ ಮಾರತೊಡಗಿತು. ಕಾರ್ಖಾನೆಗಳಿಂದ ಹೊರಬಿದ್ದ ಮೀನಿನ ತ್ಯಾಜ್ಯ ಮತ್ತು ಎಣ್ಣೆ ನೇರವಾಗಿ ಕೊಲ್ಲಿಗೆ ಸೇರುತ್ತಿತ್ತು. ದುರ್ವಾಸನೆ ಪಕ್ಕದ ಊರಿನ ಮನೆಗಳನ್ನೂ ಬಿಡಲಿಲ್ಲ. ನೂರಾರು ಜನರಿಗೆ ಅನ್ನ ನೀಡುತ್ತಿದ್ದ ಉದ್ಯಮವಾದ್ದರಿಂದ ಅದನ್ನು ತಡೆಯುವ ಶಕ್ತಿ ಯಾರಿಗೂ ಇರಲಿಲ್ಲ.

ಊರ ಹಿರಿಯಕ್ಕ

ಪೆಸಿಫಿಕ್ ಗ್ರೋವ್ ಹುಟ್ಟಿದ್ದು 1875ರಲ್ಲಿ, ಮೆಥಡಿಸ್ಟ್ ಕ್ರೈಸ್ತರ ಬೇಸಿಗೆಯ ಧಾರ್ಮಿಕ ಶಿಬಿರವಾಗಿ. ಶುಭ್ರವಾದ ತೀರ, ತಂಪಾದ ಗಾಳಿ, ಶಾಂತ ವಾತಾವರಣ ಇವೇ ಅದರ ಬಂಡವಾಳ. ಇಂತಹ ಊರಿನಲ್ಲಿ ಒಂಟಿಯಾಗಿ ಬಾಳುತ್ತಿದ್ದ ಜೂಲಿಯಾ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡು ಸಾಕಿದರು. ಲವರ್ಸ್ ಪಾಯಿಂಟ್‌ನ ಬೋಳು ನೆಲವನ್ನು ಸ್ವತಃ ಅಗೆದು ಗಿಡ ನೆಟ್ಟು ಉದ್ಯಾನ ಮಾಡಲು ಮುಂದಾದರು. ಊರಿನ ಸಭೆಗಳಿಗೆ ತಪ್ಪದೆ ಹಾಜರಾಗಿ ಲೆಕ್ಕಪತ್ರ ಕೇಳುವ, ನಿಯಮ ಓದಿ ಹೇಳುವ ಮಹಿಳೆ ಎಂದು ಹೆಸರಾದರು. ಅವರ ನೇರ ನುಡಿಗೆ ಅಂಜಿದವರು ಹಲವರು. ಅವರನ್ನು ವಿಚಿತ್ರ ಸ್ವಭಾವದವರೆಂದು ಆಡಿಕೊಂಡವರೂ ಇದ್ದರು.

ಆದರೆ ಊರಿನ ಆಡಳಿತ ಸರಿದಾರಿಗೆ ಬರಬೇಕೆಂದಾಗ ಜನರಿಗೆ ನೆನಪಾದದ್ದು ಅವರೇ. 1927ರಲ್ಲಿ ಪಟ್ಟಣಕ್ಕೆ ಹೊಸ ಆಡಳಿತ ಸನ್ನದು ರೂಪುಗೊಂಡಾಗ ಅದರ ಕರಡಿನ ಹಿಂದೆ ಜೂಲಿಯಾ ಅವರ ಶ್ರಮವಿತ್ತು. ಚುನಾಯಿತ ಕೌನ್ಸಿಲ್ ನೀತಿಯನ್ನು ನಿರ್ಧರಿಸಬೇಕು, ದಿನನಿತ್ಯದ ಆಡಳಿತವನ್ನು ನೇಮಕಗೊಂಡ ನಗರ ವ್ಯವಸ್ಥಾಪಕರು ನೋಡಿಕೊಳ್ಳಬೇಕು ಎಂಬ ಪದ್ಧತಿ ಅದರಿಂದ ಜಾರಿಗೆ ಬಂದಿತು. ಭ್ರೂಣದ ಪದರಗಳನ್ನು ಬಿಡಿಸಿ ನೋಡುತ್ತಿದ್ದ ಅದೇ ತಾಳ್ಮೆಯಿಂದ ಅವರು ಕಾನೂನಿನ ಕಲಮುಗಳನ್ನು ಬಿಡಿಸಿ ನೋಡಿದರೆಂದರೆ ತಪ್ಪಾಗಲಾರದು.

ಈ ಹಿನ್ನೆಲೆಯಲ್ಲೇ ಲವರ್ಸ್ ಪಾಯಿಂಟ್‌ನ ಗೇಟಿನ ವಿವಾದ ಬಂದಿತು. ಕೊಡಲಿ ಹಿಡಿದ ವೃದ್ಧೆಯ ಸುದ್ದಿ ಪತ್ರಿಕೆಗಳಲ್ಲಿ ಬಂದು ಊರೆಲ್ಲ ಮಾತಾಯಿತು. 1931ರ ಚುನಾವಣೆಯಲ್ಲಿ ಮತದಾರರು ಅವರನ್ನು ಮೇಯರ್ ಪದವಿಗೆ ಆರಿಸಿದರು. ಅಮೆರಿಕದಾದ್ಯಂತ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿ ಕೇವಲ ಹನ್ನೊಂದು ವರ್ಷಗಳಾಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಎರಡು ತುಣುಕು ಕಡಲು

ಮೇಯರ್ ಪಟ್ಟ ಸಿಕ್ಕಾಗ ಕ್ಯಾನರಿ ರೋ ಉತ್ಕರ್ಷದತ್ತ ಸಾಗಿತ್ತು. ಪಕ್ಕದ ಮಾಂಟೆರೆಯ ಕಾರ್ಖಾನೆಗಳನ್ನು ಮುಚ್ಚಿಸುವ ಅಧಿಕಾರ ಪೆಸಿಫಿಕ್ ಗ್ರೋವ್‌ನ ಮೇಯರ್‌ಗೆ ಇರಲಿಲ್ಲ. ಕೊಲ್ಲಿಯ ಮೀನುಗಾರಿಕೆಯನ್ನು ತಡೆಯುವುದೂ ಸಾಧ್ಯವಿರಲಿಲ್ಲ. ಹಾಗೆ ನೋಡಿದರೆ ತಮ್ಮ ಊರಿನ ಮುಂದಿನ ನೀರಿನ ಮೇಲೂ ಊರಿಗೆ ಹಕ್ಕಿರಲಿಲ್ಲ. ಅಲೆ ಬಡಿಯುವ ಬಂಡೆ ಮತ್ತು ಅದರಾಚೆಗಿನ ಕಡಲತಳ ರಾಜ್ಯದ ಸ್ವತ್ತಾಗಿದ್ದವು.

ಜೂಲಿಯಾ ಮೊದಲು ಕೈಹಾಕಿದ್ದು ಈ ಹಕ್ಕಿನ ಪ್ರಶ್ನೆಗೆ. ಅವರ ಪ್ರಯತ್ನದ ಫಲವಾಗಿ ಕ್ಯಾಲಿಫೋರ್ನಿಯಾದ ಶಾಸನಸಭೆ 1931ರಲ್ಲಿ ಪೆಸಿಫಿಕ್ ಗ್ರೋವ್‌ನ ಮುಂದಿನ ಕಡಲಂಚನ್ನು ಪಟ್ಟಣದ ವಶಕ್ಕೆ ನೀಡುವ ಕಾನೂನನ್ನು ಅಂಗೀಕರಿಸಿತು. ಸಣ್ಣ ಊರೊಂದು ತನ್ನ ಕಡಲನ್ನು ತಾನೇ ನೋಡಿಕೊಳ್ಳಲು ಅದರಿಂದ ಅವಕಾಶವಾಯಿತು. ಈ ಅಧಿಕಾರದ ಬಲದಿಂದ 1931 ಮತ್ತು 1932ರ ಅವಧಿಯಲ್ಲಿ ಎರಡು ರಕ್ಷಿತ ಪ್ರದೇಶಗಳು ಅಸ್ತಿತ್ವಕ್ಕೆ ಬಂದವು.

ಮೊದಲನೆಯದು ಊರಿನ ಕಡಲ ದಂಡೆಯುದ್ದಕ್ಕೂ ಹಬ್ಬಿದ ಪ್ರದೇಶ. ಪೆಸಿಫಿಕ್ ಗ್ರೋವ್ ಕಡಲ ಉದ್ಯಾನ ಎಂದು ಅದು ಹೆಸರಾಯಿತು. ಇಳಿತದ ವೇಳೆ ಬಂಡೆಗಳ ನಡುವೆ ಉಳಿಯುವ ನೀರಿನ ಹೊಂಡಗಳಿಂದ ಜೀವಿಗಳನ್ನು ಹೆಕ್ಕಿ ಒಯ್ಯುವುದನ್ನು ಅಲ್ಲಿ ನಿರ್ಬಂಧಿಸಲಾಯಿತು. ಜನ ಬರಬಹುದು, ನೋಡಬಹುದು, ಆದರೆ ಕೊಂಡೊಯ್ಯುವಂತಿರಲಿಲ್ಲ. ಎರಡನೆಯದು ಹಾಪ್‌ಕಿನ್ಸ್ ಪ್ರಯೋಗಾಲಯದ ಎದುರಿನ ನೀರು. 1917ರಲ್ಲಿ ಆ ಪ್ರಯೋಗಾಲಯ ಲವರ್ಸ್ ಪಾಯಿಂಟ್‌ನಿಂದ, ಚೀನೀ ಮೀನುಗಾರರ ಹಳ್ಳಿಯಿದ್ದ ಭೂಶಿರಕ್ಕೆ ಸ್ಥಳಾಂತರಗೊಂಡಿತ್ತು. ಆ ಹಳ್ಳಿ 1906ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಈ ಎರಡನೆಯ ತುಣುಕಿಗೆ ಪ್ರವೇಶ ಮುಖ್ಯವಾಗಿ ವಿಜ್ಞಾನಿಗಳಿಗೆ ಮಾತ್ರ ಮೀಸಲಾಯಿತು. ಜೂಲಿಯಾ ಅವರಿಗೆ ಕೆಲಸ ಕೊಡದೆ ಕಳುಹಿಸಿದ ಅದೇ ವಿಶ್ವವಿದ್ಯಾನಿಲಯದ ಪ್ರಯೋಗಾಲಯವಿದು. ಅದರ ಮುಂದಿನ ಕಡಲನ್ನೇ ಅವರು ವಿಜ್ಞಾನಕ್ಕಾಗಿ ಕಾಯ್ದಿರಿಸಿದರು.

ಈ ಎರಡನೆಯ ತಾಣದ ಗಡಿಯಾಚೆಗೇ ಕ್ಯಾನರಿ ರೋ ಆರಂಭವಾಗುತ್ತಿತ್ತು. ಅತ್ಯಂತ ಹೊಲಸಾದ ನೀರಿನ ಪಕ್ಕದಲ್ಲೇ ಆಶ್ರಯತಾಣವನ್ನು ಇಟ್ಟದ್ದು ನೋಡುಗರಿಗೆ ಅರ್ಥಹೀನವೆನಿಸಬಹುದು. ಆದರೆ ಭ್ರೂಣ ಮತ್ತು ಮರಿಹುಳುಗಳ ಬದುಕನ್ನು ಬಲ್ಲ ವಿಜ್ಞಾನಿಯ ಲೆಕ್ಕಾಚಾರ ಅದರ ಹಿಂದಿತ್ತು. ಬಂಡೆಗೆ ಅಂಟಿಕೊಂಡು ಬಾಳುವ ಬಹುತೇಕ ಕಡಲಜೀವಿಗಳು ತಮ್ಮ ಮೊಟ್ಟೆ ಮತ್ತು ಮರಿಗಳನ್ನು ನೀರಿಗೆ ಬಿಡುತ್ತವೆ. ಅವು ಪ್ರವಾಹದಲ್ಲಿ ದಿನಗಟ್ಟಲೆ, ಕೆಲವು ವಾರಗಟ್ಟಲೆ ತೇಲಿ ದೂರದ ಬಂಡೆಗಳಲ್ಲಿ ನೆಲೆಯೂರುತ್ತವೆ. ಕೆಲ್ಪ್ ಕೂಡ ಬೀಜಕಣಗಳನ್ನು ಹೀಗೆಯೇ ನೀರಿಗೆ ಒಪ್ಪಿಸುತ್ತದೆ. ಆದ್ದರಿಂದ ಒಂದು ತುಣುಕನ್ನು ಮುಟ್ಟದೆ ಉಳಿಸಿದರೆ, ಸುತ್ತಲಿನ ತೀರ ಬರಿದಾದರೂ ಮುಂದೊಂದು ದಿನ ಅಲ್ಲಿಂದ ಬೀಜ ಹೋಗಿ ಬೇರೂರಲು ಅವಕಾಶವಿರುತ್ತದೆ. ರೈತ ಬರಗಾಲದಲ್ಲೂ ಬಿತ್ತನೆ ಬೀಜವನ್ನು ಅಡುಗೆಗೆ ತೆಗೆಯದೆ ಕಟ್ಟಿಡುವಂತಹ ಕ್ರಮವಿದು. ಕಡಲ ರಕ್ಷಿತ ಪ್ರದೇಶಗಳ ಕುರಿತ ಇಂದಿನ ವಿಜ್ಞಾನದ ತಿರುಳೂ ಇದೇ.

ಮೇಯರ್ ಪದವಿಯಿಂದ ಇಳಿದ ಬಳಿಕ ಜೂಲಿಯಾ ಹೆಚ್ಚು ಕಾಲ ಬದುಕಲಿಲ್ಲ. 1935ರ ಮೇ 28ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ದೋಣಿಯಲ್ಲಿ ಕೊಲ್ಲಿಯಾಚೆಗೆ ಒಯ್ದು ಕಡಲಿಗೆ ಒಪ್ಪಿಸಲಾಯಿತು. ಒಂದು ಕಾಲಕ್ಕೆ ಅವರೊಡನೆ ವಾಗ್ವಾದಕ್ಕಿಳಿಯುತ್ತಿದ್ದ ನಗರಾಡಳಿತದ ಹಿರಿಯರು ಆ ಪಯಣದಲ್ಲಿ ಜೊತೆಗಿದ್ದರು. ಅಂದಿಗೆ ಕೊಲ್ಲಿಯಲ್ಲಿ ನೀರುನಾಯಿ ಇರಲಿಲ್ಲ. ಕಾರ್ಖಾನೆಗಳ ಹೊಗೆ ನಿಂತಿರಲಿಲ್ಲ. ತಾವು ಕಾಯ್ದಿರಿಸಿದ ನೀರಿನಿಂದ ಯಾವ ಪ್ರಯೋಜನವಾದೀತೆಂದು ತಿಳಿಯುವ ಭಾಗ್ಯ ಅವರಿಗೆ ಇರಲಿಲ್ಲ.

ಮರಳಿದ ನೀರುನಾಯಿ

ಮೂರೇ ವರ್ಷಗಳ ನಂತರ, 1938ರಲ್ಲಿ, ಮಾಂಟೆರೆಯ ದಕ್ಷಿಣಕ್ಕಿರುವ ಬಿಗ್ ಸರ್ ಎಂಬ ದುರ್ಗಮ ಕರಾವಳಿಯ ಬಿಕ್ಸ್‌ಬಿ ಹೊಳೆಯ ಸಮೀಪ ಕಡಲ ನೀರುನಾಯಿಗಳ ಸಣ್ಣ ಹಿಂಡೊಂದು ಕಾಣಿಸಿಕೊಂಡಿತು. ನಶಿಸಿಹೋಯಿತೆಂದು ಬಗೆದಿದ್ದ ಸಂತತಿ ಜನರ ಕಣ್ಣಿಗೆ ಬೀಳದೆ ಉಳಿದುಕೊಂಡಿತ್ತು. ಅತ್ತ ಸಾರ್ಡಿನ್ ಉದ್ಯಮ ತನ್ನ ತುತ್ತತುದಿ ಮುಟ್ಟಿತ್ತು. 1940ರ ದಶಕದ ಮೊದಲ ವರ್ಷಗಳಲ್ಲಿ ಮಾಂಟೆರೆಯೊಂದರಲ್ಲೇ ಒಂದು ಋತುವಿಗೆ ಎರಡು ಲಕ್ಷ ಟನ್ನಿಗೂ ಮಿಕ್ಕಿ ಮೀನು ಬರುತ್ತಿತ್ತು. ಕಡಲಜೀವಿ ತಜ್ಞ ಎಡ್ ರಿಕೆಟ್ಸ್ ಮೊದಲಾದವರು ಮಿತಿಮೀರಿದ ಬೇಟೆಯ ಬಗ್ಗೆ ಎಚ್ಚರಿಸಿದರು. ಅತಿಯಾದ ಹಿಡಿತವೂ ಕಡಲ ವಾತಾವರಣದ ಏರುಪೇರೂ ಸೇರಿ ದಶಕದ ಕೊನೆಯ ಹೊತ್ತಿಗೆ ಸಾರ್ಡಿನ್ ಕುಸಿದುಬಿತ್ತು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಯದು 1973ರಲ್ಲಿ ಮುಚ್ಚಿತು.

ನೀರು ತಿಳಿಯಾಗತೊಡಗಿತು. ದಕ್ಷಿಣದ ನೀರುನಾಯಿಗಳು ವರ್ಷದಿಂದ ವರ್ಷಕ್ಕೆ ಉತ್ತರದತ್ತ ಹರಡುತ್ತ 1960ರ ದಶಕದ ಮೊದಲ ವರ್ಷಗಳಲ್ಲಿ ಪೆಸಿಫಿಕ್ ಗ್ರೋವ್‌ನ ತೀರವನ್ನು ತಲುಪಿದವು. ದಿನಕ್ಕೆ ಕಿಲೋಗಟ್ಟಲೆ ಆಹಾರ ಬೇಡುವ ಪ್ರಾಣಿಗೆ ಬರಿದಾದ ಬಂಡೆಯಲ್ಲಿ ಏನೂ ಸಿಗದು. ಮೂರು ದಶಕಗಳಿಂದ ಯಾರೂ ಹೆಕ್ಕದೆ ಉಳಿದಿದ್ದ ಆಶ್ರಯತಾಣದಲ್ಲಿ ಅಬಲೋನಿ, ಅರ್ಚಿನ್, ಏಡಿಗಳು ಅವುಗಳಿಗಾಗಿ ಕಾದಿದ್ದಂತಿದ್ದವು. ನೀರುನಾಯಿಗಳು ಅಲ್ಲಿ ನೆಲೆಸಿ ಅರ್ಚಿನ್‌ಗಳನ್ನು ತಿಂದವು. ಅರ್ಚಿನ್ ಕಡಿಮೆಯಾದಂತೆ ಕೆಲ್ಪ್ ಚಪ್ಪರ ಕೊಲ್ಲಿಯ ಅಂಚಿನುದ್ದಕ್ಕೂ ಮತ್ತೆ ಎದ್ದಿತು. ಸ್ಟ್ಯಾನ್‌ಫರ್ಡ್‌ನ ಜೀವವಿಜ್ಞಾನಿ ಸ್ಟೀಫನ್ ಪಲುಂಬಿ ಮತ್ತು ಕ್ಯಾರೊಲಿನ್ ಸೊಟ್ಕಾ 2010ರಲ್ಲಿ ಪ್ರಕಟಿಸಿದ ಮಾಂಟೆರೆ ಕೊಲ್ಲಿಯ ಇತಿಹಾಸದಲ್ಲಿ, ಈ ಪುನರುಜ್ಜೀವನದ ಶ್ರೇಯಸ್ಸಿನ ದೊಡ್ಡ ಪಾಲನ್ನು ಜೂಲಿಯಾ ಅವರ ಆಶ್ರಯತಾಣಗಳಿಗೆ ಸಲ್ಲಿಸಿದ್ದಾರೆ.

ನೀರುನಾಯಿಯ ಮರಳುವಿಕೆ ಎಲ್ಲರಿಗೂ ಸಂತಸ ತರಲಿಲ್ಲ. ಅಬಲೋನಿ ಹಿಡಿದು ಬದುಕುತ್ತಿದ್ದ ಮುಳುಗುಗಾರರಿಗೆ ಅದು ಪ್ರತಿಸ್ಪರ್ಧಿಯಾಯಿತು. ನೀರುನಾಯಿ ಬಂದ ತೀರಗಳಲ್ಲಿ ಅಬಲೋನಿ ವ್ಯಾಪಾರ ಉಳಿಯಲಿಲ್ಲ. ಕಾಡು ಬೇಕೋ ಕಸುಬು ಬೇಕೋ ಎಂಬ ಪ್ರಶ್ನೆ ಕ್ಯಾಲಿಫೋರ್ನಿಯಾವನ್ನು ದಶಕಗಳ ಕಾಲ ಕಾಡಿತು. ಇನ್ನೊಂದೆಡೆ ರಕ್ಷಣೆಯ ಲಾಭವೂ ಅಳತೆಗೆ ಸಿಕ್ಕಿತು. ಹಾಪ್‌ಕಿನ್ಸ್ ತಾಣ ಸೇರಿದಂತೆ ಮಧ್ಯ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡುಗಳ ಬಗ್ಗೆ 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದು, ರಕ್ಷಿತ ಪ್ರದೇಶದ ರಾಕ್‌ಫಿಶ್ ಮೀನುಗಳು ಹೊರಗಿನವುಗಳಿಗಿಂತ ದೊಡ್ಡ ಗಾತ್ರದವೆಂದು ಕಂಡುಕೊಂಡಿತು. ದೊಡ್ಡ ಮೀನು ಹೆಚ್ಚು ಸಂತತಿಯನ್ನು ಕಡಲಿಗೆ ಬಿಡುತ್ತದೆ. ಬಿತ್ತನೆ ಬೀಜದ ಲೆಕ್ಕ ಸುಳ್ಳಾಗಲಿಲ್ಲ.

ಕೊನೆಯ ಕಾರ್ಖಾನೆ ಇದ್ದ ಸ್ಥಳದಲ್ಲಿ, ಹಾಪ್‌ಕಿನ್ಸ್ ತಾಣಕ್ಕೆ ಹೊಂದಿಕೊಂಡಂತೆ, 1984ರ ಅಕ್ಟೋಬರ್‌ನಲ್ಲಿ ಮಾಂಟೆರೆ ಕೊಲ್ಲಿ ಮತ್ಸ್ಯಾಲಯ ಆರಂಭವಾಯಿತು. ಜೀವಂತ ಕೆಲ್ಪ್ ಕಾಡನ್ನು ಎಂಟು ಮೀಟರಿಗೂ ಎತ್ತರದ ತೊಟ್ಟಿಯಲ್ಲಿ ಬೆಳೆಸಿ ತೋರಿಸುವ ಅಲ್ಲಿನ ಪ್ರದರ್ಶನ ಜಗತ್ತಿನಾದ್ಯಂತ ಹೆಸರಾಯಿತು. 1992ರಲ್ಲಿ ಕೊಲ್ಲಿಯೂ ಸುತ್ತಲಿನ ಕಡಲೂ ರಾಷ್ಟ್ರೀಯ ಕಡಲ ಅಭಯಧಾಮವೆಂದು ಘೋಷಿತವಾದವು. 2007ರಲ್ಲಿ ರಾಜ್ಯ ಸರ್ಕಾರ ಮಧ್ಯ ಕರಾವಳಿಯಲ್ಲಿ 29 ರಕ್ಷಿತ ಪ್ರದೇಶಗಳ ಜಾಲವನ್ನು ಜಾರಿಗೆ ತಂದಿತು. 2012ರ ಕೊನೆಗೆ ಈ ಜಾಲ ಇಡೀ ಕ್ಯಾಲಿಫೋರ್ನಿಯಾಗೆ ವಿಸ್ತರಿಸಿ, ರಾಜ್ಯದ ಕಡಲಿನ ಸುಮಾರು ಶೇ. 16 ಭಾಗ ಅದರ ಅಡಿ ಬಂದಿತು. ಜೂಲಿಯಾ ಗುರುತಿಸಿದ ನೀರು ಅದರ ಭಾಗವಾಯಿತು. ಲವರ್ಸ್ ಪಾಯಿಂಟ್‌ನ ತಾಣಕ್ಕೆ ಆನಂತರ ಅವರ ಹೆಸರನ್ನೂ ಸೇರಿಸಲಾಯಿತು.

ಮತ್ತೆ ಎದುರಾದ ಪರೀಕ್ಷೆ

ಕಥೆ ಇಲ್ಲಿಗೆ ಮುಗಿಯುವಂತಿದ್ದರೆ ಚೆನ್ನಾಗಿತ್ತು. 2013ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ನಕ್ಷತ್ರಮೀನುಗಳಿಗೆ ವಿಚಿತ್ರ ರೋಗ ತಗುಲಿತು. ಅವುಗಳ ಮೈ ಕರಗಿ ಕೈಗಳು ಉದುರಿಹೋಗುತ್ತಿದ್ದವು. ಅರ್ಚಿನ್‌ಗಳನ್ನು ತಿನ್ನುವ ಸೂರ್ಯಕಾಂತಿ ನಕ್ಷತ್ರಮೀನು ಕ್ಯಾಲಿಫೋರ್ನಿಯಾದ ಬಹುಭಾಗದಿಂದ ಕಣ್ಮರೆಯಾಯಿತು. ಒಂದು ಜಾತಿಯ ವಿಬ್ರಿಯೊ ಬ್ಯಾಕ್ಟೀರಿಯ ಈ ರೋಗಕ್ಕೆ ಕಾರಣವೆಂದು ವಿಜ್ಞಾನಿಗಳು 2025ರಲ್ಲಷ್ಟೇ ಪತ್ತೆಹಚ್ಚಿದರು. ರೋಗದ ಬೆನ್ನಿಗೇ 2014ರಿಂದ 2016ರವರೆಗೆ ಕಡಲ ನೀರು ಅಸಹಜವಾಗಿ ಕಾದಿತು. ತಣ್ಣೀರನ್ನೇ ನಂಬಿದ ಕೆಲ್ಪ್ ಸೊರಗಿತು, ನೇರಳೆ ಬಣ್ಣದ ಅರ್ಚಿನ್‌ಗಳು ಬಿರುಕುಗಳಿಂದ ಹೊರಬಂದು ಅಳಿದುಳಿದದ್ದನ್ನು ಮೇದವು. ನೀರುನಾಯಿಗಳಿಲ್ಲದ ಉತ್ತರ ಕ್ಯಾಲಿಫೋರ್ನಿಯಾದ ಸುಮಾರು 350 ಕಿಲೋಮೀಟರ್ ಕರಾವಳಿಯಲ್ಲಿ ಕೆಲ್ಪ್ ಕಾಡಿನ ಶೇ. 90ಕ್ಕೂ ಹೆಚ್ಚು ಭಾಗ ನಾಶವಾಯಿತು.

ಮಾಂಟೆರೆಯಲ್ಲೂ ಹಾನಿ ಕಡಿಮೆಯಾಗಲಿಲ್ಲ. ಆದರೆ ಅಲ್ಲಿ ಕಾಡು ಪೂರ್ತಿ ಅಳಿಯದೆ, ಬೋಳು ಬಂಡೆಗಳ ನಡುನಡುವೆ ತೋಪುಗಳಂತೆ ಉಳಿಯಿತು. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಕಾರಣವನ್ನು ವಿವರಿಸಿತು. ಬೋಳು ಬಂಡೆಗಳ ಮೇಲಿನ ಹಸಿದ ಅರ್ಚಿನ್‌ಗಳ ಚಿಪ್ಪಿನೊಳಗೆ ತಿನ್ನಲು ಏನೂ ಇರುವುದಿಲ್ಲ. ನೀರುನಾಯಿಗಳು ಅವನ್ನು ಮುಟ್ಟದೆ, ಉಳಿದ ಕೆಲ್ಪ್ ತೋಪುಗಳಲ್ಲಿ ಕೊಬ್ಬಿದ ಅರ್ಚಿನ್‌ಗಳನ್ನೇ ಹುಡುಕಿ ತಿನ್ನುತ್ತಿದ್ದವು. ಹೀಗಾಗಿ ಬೋಳಾದ ಜಾಗವನ್ನು ಅವು ಕೂಡಲೇ ಹಸಿರು ಮಾಡದಿದ್ದರೂ ಉಳಿದ ತೋಪುಗಳನ್ನು ಕಾದುಕೊಂಡವು. ಮುಂದೆ ಕಾಲ ಅನುಕೂಲವಾದಾಗ ಬೀಜಕಣ ಹೊರಡಬೇಕಾದದ್ದು ಇವೇ ತೋಪುಗಳಿಂದ.

ಹೆಕ್ಕುವ ಕೈಯನ್ನು ಕಾನೂನು ತಡೆಯಬಲ್ಲದು. ಕಾಯುವ ನೀರನ್ನು ಒಂದು ಊರಿನ ಕಾನೂನು ತಡೆಯಲಾರದು. ಅದು ಜೂಲಿಯಾ ಅವರ ಕಾಲದಲ್ಲಿ ಯಾರೂ ಊಹಿಸದ ಸಮಸ್ಯೆ. ತಮ್ಮ ಅಧಿಕಾರಕ್ಕೆ ಮೀರಿದ ಕಾರ್ಖಾನೆಗಳ ಎದುರಿಗೆ ಅವರು ಮಾಡಿದ್ದು ಇಷ್ಟೇ: ತಮ್ಮ ಕೈಗೆ ಎಟುಕುವ ಒಂದು ತುಣುಕನ್ನು ಗುರುತಿಸಿ, ಅದರ ಹಕ್ಕುಪತ್ರವನ್ನು ಸರಿಪಡಿಸಿ, ಅದನ್ನು ಮುಟ್ಟಗೊಡದೆ ಉಳಿಸಿದರು. ತಲೆಯ ಮೃದ್ವಸ್ಥಿಯ ಬಗ್ಗೆ ಅವರು ಹೇಳಿದ್ದು ಸರಿಯೆಂದು ಒಪ್ಪಲು ವಿಜ್ಞಾನಕ್ಕೆ ಐವತ್ತು ವರ್ಷ ಬೇಕಾಯಿತು. ಕಡಲಿನ ಬಗ್ಗೆ ಅವರ ಎಣಿಕೆ ಸರಿಯೆಂದು ತೋರಿಸಲು ನೀರುನಾಯಿಗಳಿಗೆ ಮೂವತ್ತು ವರ್ಷ ಸಾಕಾಯಿತು. ಲವರ್ಸ್ ಪಾಯಿಂಟ್‌ನ ತೀರಕ್ಕೆ ಇಳಿಯುವ ದಾರಿ ಇಂದೂ ಎಲ್ಲರಿಗೆ ತೆರೆದಿದೆ. ಅದರ ಎದುರಿನ ನೀರಿನಿಂದ ಮೀನನ್ನಾಗಲಿ ಚಿಪ್ಪನ್ನಾಗಲಿ ಒಯ್ಯುವ ಹಾಗಿಲ್ಲ.